ಉಪ್ಪಿಲು ಹತ್ತಿದ ಕಾಡು: ಬಿಳಿಗಿರಿರಂಗನ ಬೆಟ್ಟದ ತಿರುಗಾಟ

ಮೊದಲ ದಿನ: ಗಂಧದ ತೋಟ, ಆಮೇಲೆ ಘಾಟಿ

ಮೈಸೂರಿನಿಂದ ಚಾಮರಾಜನಗರಕ್ಕೆ ಬಸ್ಸು ಬೇಕಾದಷ್ಟಿವೆ. ಅಲ್ಲಿಂದ ಕ್ಯಾತದೇವರಗುಡಿ ಮೇಲೆ ಬೆಟ್ಟ ಹತ್ತುವವು ಮಾತ್ರ ಕೆಲವೇ. ಕತ್ತಲಾಗುವ ಹೊತ್ತಿಗೆ ಕಾಡಿನ ಗೇಟು ಹಾಕಿಬಿಡುತ್ತಾರೆ, ಆದ್ದರಿಂದ ಮಧ್ಯಾಹ್ನದ ಬಸ್ಸಿನ ಸಮಯ ಮೊದಲೇ ಕೇಳಿಟ್ಟುಕೊಂಡು ಹೊರಟಿದ್ದೆವು. ಸಂಕ್ರಾಂತಿಗೆ ಇನ್ನೂ ವಾರವಿತ್ತು. ಹಬ್ಬ ಕಳೆದ ಮೇಲೆ ಬೆಟ್ಟದಲ್ಲಿ ಚಿಕ್ಕ ಜಾತ್ರೆ, ಆ ಜನಜಂಗುಳಿಯಲ್ಲಿ ಹಕ್ಕಿ ನೋಡುವುದು ಆಗದ ಮಾತು.

ಜೊತೆಗಿದ್ದವನು ಗದಗದ ಕಡೆಯ ಗೆಳೆಯ, ಕೃಷಿ ಓದಿದವನು. ನಂಜನಗೂಡು ದಾಟುತ್ತಿದ್ದಂತೆ ಕಿಟಕಿಯಾಚೆ ಬೆರಳು ಮಾಡಿದ. ರಸ್ತೆ ಬದಿಯ ಮಾವಿನ ಮರವೊಂದರ ನೆತ್ತಿಯಲ್ಲಿ ಬೇರೆಯದೇ ಬಣ್ಣದ ಎಲೆಯ ಗುಪ್ಪೆ. ಎಲೆ ದಪ್ಪ, ಬೂದು ಮಿಶ್ರಿತ ಹಸಿರು, ನಡುನಡುವೆ ಕಿತ್ತಳೆ ಹೂವಿನ ಗೊಂಚಲು. ಬದನಿಕೆ. ಕೆಲವರು ಬಂದಳಿಕೆ ಅನ್ನುತ್ತಾರೆ. ಒಮ್ಮೆ ಕಣ್ಣಿಗೆ ಬಿತ್ತೆಂದರೆ ಮುಗಿಯಿತು, ಆಮೇಲೆ ಪ್ರತಿ ಮರದಲ್ಲೂ ಅದನ್ನೇ ಹುಡುಕುತ್ತಾ ಕೂರುತ್ತೇವೆ. ಇಂಥ ಗಿಡವನ್ನು ಬೆಟ್ಟದ ಬುಡಕಟ್ಟು ಜನ ಸೋಲಿಗರು ಉಪ್ಪಿಲು ಎನ್ನುತ್ತಾರೆ. ನೆಲ್ಲಿಕಾಯಿಯ ಮೇಲೆ ಬದುಕುವ ಅವರಿಗೂ ನೆಲ್ಲಿ ಮರದ ಮೇಲೆ ಬದುಕುವ ಉಪ್ಪಿಲಿಗೂ ಇರುವ ಹಳೆಯ ತಕರಾರೇ ನಮ್ಮನ್ನು ಹೊರಡಿಸಿದ್ದು.

ಚಾಮರಾಜನಗರದಲ್ಲಿ ಇಳಿದಾಗ ಬೆಟ್ಟದ ಬಸ್ಸಿಗೆ ಇನ್ನೂ ಹೊತ್ತಿತ್ತು. ಗೆಳೆಯನಿಗೆ ಪರಿಚಯದ ರೈತರೊಬ್ಬರು ಊರಾಚೆ ಶ್ರೀಗಂಧ ಹಾಕಿದ್ದಾರೆ ಎಂದು ಆಟೋ ಹತ್ತಿದೆವು. ಸುತ್ತ ಮುಳ್ಳುತಂತಿ, ಮೂಲೆಯಲ್ಲಿ ಕ್ಯಾಮೆರಾ, ಗೇಟಿನಲ್ಲಿ ಎರಡು ನಾಯಿ. ಒಳಗೆ ನಾಲ್ಕೈದು ವರ್ಷದ ಗಿಡಗಳು. ಪ್ರತಿ ಗಂಧದ ಪಕ್ಕಕ್ಕೆ ಒಂದೊಂದು ತೊಗರಿ, ಸಾಲಿನ ನಡುವೆ ಸರ್ವೆ, ಹೊಂಗೆ, ಕೆಲವು ನೆಲ್ಲಿ.

"ತೊಗರಿ ಇಲ್ದೆ ಗಂಧದ ಸಸಿ ಮೇಲಕ್ ಏಳಲ್ಲ ಸಾ. ಒಂಟಿ ನೆಟ್ಟವ್ರ ಗಿಡ ನೋಡಿ, ಹಳದಿಯಾಗಿ ನಿಂತದ," ಎಂದರು ಅವರು. ಕೇಳದೆಯೇ ಗುದ್ದಲಿ ತಂದು ಒಂದು ಎಳೆ ಗಿಡದ ಬುಡದ ಮಣ್ಣು ಮೆಲ್ಲಗೆ ಕೆದಕಿದರು. ತೊಗರಿಯ ಬೇರಿಗೆ ಗಂಧದ ಬೇರು ಅಂಟಿಕೊಂಡ ಜಾಗದಲ್ಲಿ ಸಣ್ಣ ಗಂಟಿನಂಥದ್ದು ಕಂಡಿತು. ಅದೇ ಹೀರುಬೇರು. ಪಕ್ಕದ ಬೇರಿನ ತೊಗಟೆ ಸೀಳಿ ಒಳಗಿನ ನೀರಿನ ನಾಳಕ್ಕೆ ಬಾಯಿಟ್ಟು ನೀರನ್ನೂ ಲವಣವನ್ನೂ ಎಳೆದುಕೊಳ್ಳುತ್ತದೆ. ಎಲೆ ಹಸಿರಾಗಿದೆ, ಬಿಸಿಲಿನಲ್ಲಿ ಅನ್ನ ಬೇಯಿಸಿಕೊಳ್ಳುವುದು ತಾನೇ. ಅಡುಗೆ ಸ್ವಂತದ್ದು, ನೀರು ಮಾತ್ರ ಪಕ್ಕದ ಮನೆಯ ನಲ್ಲಿಯದು. ಅರೆಪರಾವಲಂಬಿ ಎಂದರೆ ಇಷ್ಟೇ. ಗಂಧಕ್ಕೆ ಹೀಗೆ ಬೇರು ಕೊಡುವ ಸಸ್ಯಗಳು ಮುನ್ನೂರಕ್ಕೂ ಹೆಚ್ಚು ಜಾತಿ ಎಂದು ಲೆಕ್ಕ ಹಾಕಿದ್ದಾರೆ. ತೊಗರಿ ಮೊದಲ ವರ್ಷಗಳಿಗೆ, ಸರ್ವೆ ಹೊಂಗೆಗಳು ದೀರ್ಘ ಕಾಲಕ್ಕೆ.

ಟಿಪ್ಪುವಿನ ಕಾಲದಿಂದ ಗಂಧದ ಮರ ಎಲ್ಲಿ ಬೆಳೆದರೂ ದೊರೆಯ ಸ್ವತ್ತು, ಆಮೇಲೆ ಸರ್ಕಾರದ್ದು. 2001ರಲ್ಲಿ ಕಾಯ್ದೆ ತಿದ್ದಿದ ಮೇಲೆ ಬೆಳೆದವನೇ ಒಡೆಯ. ಮುಳ್ಳುತಂತಿ, ಕ್ಯಾಮೆರಾ, ನಾಯಿ ಎಲ್ಲ ಬಂದದ್ದು ಆ ಒಡೆತನದ ಹಿಂದೆಯೇ. ನನಗೆ ನಗು ಬಂದದ್ದು ಬೇರೆ ಕಾರಣಕ್ಕೆ. ಕರ್ನಾಟಕದಲ್ಲಿ ಅತಿ ಮರ್ಯಾದೆಯ ಮರ ಯಾವುದೆಂದು ಕೇಳಿದರೆ ಯಾರಾದರೂ ಗಂಧ ಅನ್ನುತ್ತಾರೆ. ದೇವರ ಹಣೆಗೂ ಅದೇ, ಸನ್ಮಾನದ ಹಾರಕ್ಕೂ ಅದೇ. ಅದು ನೆರೆಯವರ ಬೇರಿಗೆ ಬಾಯಿಟ್ಟು ಬದುಕುವುದನ್ನು ಯಾರೂ ಎತ್ತಿ ಆಡುವುದಿಲ್ಲ. ಅದನ್ನೇ ಮಾವಿನ ಕೊಂಬೆಯ ಮೇಲೆ ಬದನಿಕೆ ಮಾಡಿದರೆ ಕಳ್ಳ, ಪೀಡೆ, ಕಡಿದು ಹಾಕು!

ಊಟಕ್ಕೆ ಅವರ ಮನೆಯಲ್ಲೇ ಮುದ್ದೆ, ಹಿದುಕಿದ ಅವರೆಬೇಳೆ ಸಾರು. ಜನವರಿಯಲ್ಲಿ ಈ ಸೀಮೆಗೆ ಬಂದವರು ಹೋಟೆಲಿನ ಪಟ್ಟಿ ನೋಡುವುದೇ ಬೇಡ, ಅವರೆಕಾಯಿ ಇದೆಯಾ ಎಂದಷ್ಟೇ ಕೇಳಿದರೆ ಸಾಕು. ಗೆಳೆಯ ಮುದ್ದೆಯನ್ನು ಅಗಿಯಲು ಹೋಗಿ ಮನೆಯವರ ನಗೆಗೆ ಗುರಿಯಾದ. "ನುಂಗಪ್ಪ, ಹಲ್ಲಿಗೆ ಕೆಲ್ಸ ಕೊಡ್ಬ್ಯಾಡ," ಎಂದರು ಅಜ್ಜಿ.

ಬಸ್ಸು ಘಾಟಿ ಹತ್ತುವಾಗ ಅವನು ತನ್ನ ಕಡೆಯ ಕಥೆ ತೆಗೆದ. "ನಿಮ್ಮ ಬದನಿಕೆ ಕೊಂಬಿ ಮ್ಯಾಲೆ ಕುಂತು ಕುಡೀತದ, ಕಣ್ಣಿಗೆ ಕಾಣ್ತದ. ನಮ್ಮ ಜ್ವಾಳದಾಗ ಬರೂದು ನೆಲದಾಗಿಂದ. ಹೂವು ನೋಡಿದ್ರ ಎಷ್ಟು ಚಂದ ಅಂತಿ! ಬೆಳ್ಳಗ, ಸಣ್ಣಗ. ಅದು ಹೂ ಬಿಟ್ಟಾಗ ರೈತ ಎದಿ ಮ್ಯಾಲೆ ಕೈ ಇಟ್ಕೋಬೇಕು." ಅವನು ಹೇಳುತ್ತಿದ್ದದ್ದು ಸ್ಟ್ರೈಗಾ ಎಂಬ ಕಳೆಯ ಸಂಗತಿ. ಒಂದು ಗಿಡ ಹತ್ತಾರು ಸಾವಿರ ಬೀಜ ಉದುರಿಸುತ್ತದೆ, ಧೂಳಿನಷ್ಟು ಸಣ್ಣವು, ಹತ್ತು ವರ್ಷವಾದರೂ ಮಣ್ಣಿನಲ್ಲಿ ಕಾಯುತ್ತವೆ. ಮಳೆ ಬಂದರಷ್ಟೇ ಸಾಲದು. ಪಕ್ಕದಲ್ಲೇ ಜೋಳದ ಬೇರು ಬಂದು ಅದರಿಂದ ಒಂದು ರಾಸಾಯನಿಕ ಜಿನುಗಬೇಕು, ಆಗ ಮೊಳಕೆ. ಮೇಲೆ ಕಾಣಿಸಿಕೊಳ್ಳುವ ಮೊದಲೇ ನೆಲದೊಳಗೆ ವಾರಗಟ್ಟಲೆ ಕುಡಿದಿರುತ್ತದೆ.

ಹಾಗಾದರೆ ಜೋಳ ತನ್ನ ಶತ್ರುವನ್ನು ತಾನೇ ಯಾಕೆ ಕೂಗಿ ಕರೆಯುತ್ತದೆ? ಆ ರಾಸಾಯನಿಕದ ಗುಂಪಿನ ಮೊದಲನೆಯದನ್ನು 1966ರಲ್ಲಿ ಹತ್ತಿಯ ಬೇರಿನಿಂದ ಬೇರ್ಪಡಿಸಿದ್ದರು. ಕರೆ ನಿಜಕ್ಕೂ ಯಾರಿಗೆ ಎಂದು ಗೊತ್ತಾಗಲು 2005 ಬರಬೇಕಾಯಿತು. ಬೇರಿಗೆ ರಂಜಕ ತಂದುಕೊಡುವ ನೆಲದ ಶಿಲೀಂಧ್ರಗಳನ್ನು ಗಿಡ ಹೀಗೆ ಕೂಗುತ್ತದೆ. ಈ ನೆಲದ ನೆಂಟರಿಗೆ ಕೂಗುವ ದನಿಯನ್ನು ಕಳೆಯ ಬೀಜ ಕದ್ದು ಕೇಳಿಸಿಕೊಳ್ಳುತ್ತದೆ. ಹತ್ತಿ, ಶೇಂಗಾ ಬಿತ್ತಿದರೆ ಅದೇ ಕೂಗಿಗೆ ಮೋಸಹೋಗಿ ಬೀಜ ಮೊಳೆಯುತ್ತದೆ, ಬಾಯಿಡಲು ಬೇರು ಒಗ್ಗುವುದಿಲ್ಲ, ಸಾಯುತ್ತದೆ. "ಅದಕ್ಕ ಬೆಳಿ ಬದಲಿ ಮಾಡ್ರಿ ಅಂತ ಹೇಳೂದು," ಎಂದು ಅವನು ಮುಗಿಸುವಷ್ಟರಲ್ಲಿ ಬಸ್ಸು ಸಿಡಿದಂತೆ ಸದ್ದು ಮಾಡಿ ನಿಂತಿತು. ಪಂಕ್ಚರ್. ಕಾಡಿನ ನಡುವೆ ಇಳಿಯಬೇಡಿ ಎಂದು ಕಂಡಕ್ಟರ್ ಗದರಿದರೂ ಅರ್ಧ ಬಸ್ಸು ಇಳಿದು ಆನೆಯ ಲದ್ದಿ ನೋಡುತ್ತಾ ನಿಂತಿತ್ತು. ಲದ್ದಿ ಇನ್ನೂ ಹಬೆಯಾಡುತ್ತಿತ್ತು, ಆದ್ದರಿಂದ ಟೈರು ಬದಲಾಯಿಸಲು ಕೈ ಹಚ್ಚಿದವರಿಗೂ ಕಡಿಮೆಯಿರಲಿಲ್ಲ.

ರಾತ್ರಿ ಬೆಟ್ಟದಲ್ಲಿ ಚಳಿ ಹಲ್ಲು ಕಡಿಸಿತು. ಮೈಸೂರಿನ ಜನವರಿಯನ್ನು ನೆಚ್ಚಿಕೊಂಡು ಒಂದು ಸ್ವೆಟರು ತಂದವರಿಗೆ ಅಲ್ಲಿ ಎರಡು ಕಂಬಳಿ ಬೇಕಾಗುತ್ತದೆ.

ಎರಡನೆಯ ದಿನ: ಪೋಡಿನ ನೆಲ್ಲಿ

ಸೋಲಿಗರ ಊರಿಗೆ ಪೋಡು ಎನ್ನುತ್ತಾರೆ. ಹುಲಿ ಸಂರಕ್ಷಿತ ಪ್ರದೇಶವಾದ್ದರಿಂದ ಎಲ್ಲೆಂದರಲ್ಲಿ ಕಾಡಿಗೆ ಕಾಲಿಡುವಂತಿಲ್ಲ. ಅನುಮತಿ ಇರುವ ಜಾಗದಲ್ಲಿ ಪೋಡಿನ ಹುಡುಗನೊಬ್ಬ ದಾರಿ ತೋರಿಸಲು ಬಂದ. ಸಂಶೋಧಕರ ಜೊತೆ ಮರ ಎಣಿಸುವ ಕೆಲಸ ಮಾಡಿದ್ದವನು. ಲ್ಯಾಟಿನ್ ಹೆಸರೂ ಗೊತ್ತು, ಅವರಜ್ಜಿಯ ಹೆಸರೂ ಗೊತ್ತು. ಎರಡರಲ್ಲಿ ಯಾವುದು ಹೇಳಲಿ ಎಂದು ನಮ್ಮ ಮುಖ ನೋಡಿ ತೀರ್ಮಾನಿಸುತ್ತಿದ್ದ.

ಬೆಳಗಿನ ಮಂಜು ಸರಿದಾಗ ಕಾಫಿ ಗಿಡಗಳಾಚೆ ಒಣ ಎಲೆಯುದುರು ಕಾಡು. ಇಲ್ಲಿ ನೆಲ್ಲಿ ಎರಡು ಜಾತಿ. ತೇವ ಇರುವ ಕಡೆ ನಾವು ಬಲ್ಲ ಬೆಟ್ಟದ ನೆಲ್ಲಿ, ಒಣ ಕುರುಚಲಿನ ಕಡೆ ಅದಕ್ಕಿಂತ ದಪ್ಪ ಕಾಯಿಯದು. ಹುಡುಗ ಒಂದು ಮರದ ಕೆಳಗೆ ನಿಂತು ಮೇಲೆ ನೋಡಿ ಎಂದ. ಅರ್ಧ ಮರ ನೆಲ್ಲಿಯ ನವಿರು ಗರಿ, ಉಳಿದರ್ಧ ದಪ್ಪ ಎಲೆಯ ಉಪ್ಪಿಲು. ಅದರ ಚಿಗುರಿನ ಮೇಲೆ ಕಂದು ಬಣ್ಣದ ತುಪ್ಪುಳು. ಉಪ್ಪಿಲು ಕೂತ ಜಾಗದಲ್ಲಿ ಕೊಂಬೆ ಬಾವು ಬಂದಂತೆ ಊದಿತ್ತು. ಅಲ್ಲಿಂದ ಮುಂದೆ ನೆಲ್ಲಿಯ ಕೊಂಬೆ ಒಣಗಿ ಕಡ್ಡಿಯಾಗಿತ್ತು.

"ಇದರಾಗ ಕಾಯಿ ಎಷ್ಟ್ ಕಾಣ್ತದ ಹೇಳಿ?" ಎಂದ. ಎಣಿಸಲು ಹೆಚ್ಚು ಹೊತ್ತು ಬೇಕಿರಲಿಲ್ಲ. ಉಪ್ಪಿಲು ಹೆಚ್ಚು ಹತ್ತಿದ ಮರ ಕಾಯಿ ಕಡಿಮೆ ಬಿಡುತ್ತದೆ, ಬೇಗ ಸಾಯುತ್ತದೆ. ಇದನ್ನು ಸೋಲಿಗರೂ ಹೇಳುತ್ತಾರೆ, ಇಲ್ಲಿ ವರ್ಷಗಟ್ಟಲೆ ಮರಗಳ ಹಿಂದೆ ಬಿದ್ದ ವಿಜ್ಞಾನಿಗಳೂ ಹೇಳಿದ್ದಾರೆ. ಬೇಸಗೆಯಲ್ಲಿ ನೆಲ್ಲಿ ನೀರು ಉಳಿಸಲು ಎಲೆಯ ರಂಧ್ರ ಬಿಗಿಹಿಡಿದರೂ ಉಪ್ಪಿಲು ತನ್ನವನ್ನು ತೆರೆದೇ ಇಡುತ್ತದೆ. ಹಾಗೆ ಆವಿಯಾಗಲು ಬಿಟ್ಟರೇ ಅದಕ್ಕೆ ಮರದಿಂದ ನೀರು ಎಳೆಯಲು ಸಾಧ್ಯ.

ಅಷ್ಟರಲ್ಲಿ ತಲೆ ಮೇಲೆ ಚಿಕ್, ಚಿಕ್, ಚಿಕ್ ಎಂದು ಕಲ್ಲಿಗೆ ಕಲ್ಲು ತಾಗಿಸಿದ ಸದ್ದು. ಬದನಿಕೆ ಹಕ್ಕಿ. ನಮ್ಮ ದೇಶದ ಅತಿ ಸಣ್ಣ ಹಕ್ಕಿಗಳಲ್ಲಿ ಒಂದು, ಎಂಟು ಸೆಂಟಿಮೀಟರ್ ಉದ್ದ, ಬೂದು ಕಂದು ಮೈ, ನೋಡಲು ಏನೂ ಇಲ್ಲ. ಅದರ ಜೀವನವೇ ಈ ಗಿಡ. ದುರ್ಬೀನು ಇಟ್ಟುಕೊಂಡು ಕತ್ತು ನೋವು ಬರುವವರೆಗೆ ನಿಂತೆವು. ಬದನಿಕೆಯ ಹೂವು ಉದ್ದ ಕೊಳವೆ. ಮಾಗಿದ ಮೊಗ್ಗಿನ ತುದಿಯನ್ನು ಹಕ್ಕಿ ಕೊಕ್ಕಿನಿಂದ ಹಿಸುಕಿದಾಗ ಪಟ್ಟನೆ ಬಿಚ್ಚಿಕೊಂಡು ಹಣೆಗೆ ಪರಾಗ ಎರಚುತ್ತದೆ. ಹಕ್ಕಿ ಮಕರಂದ ಕುಡಿದು ಮುಂದಿನ ಗೊಂಚಲಿಗೆ ಹಾರುತ್ತದೆ. ಸೂರಕ್ಕಿಗಳೂ ಈ ಕೆಲಸ ಮಾಡುತ್ತವೆ. ಆದರೆ ಸೂರಕ್ಕಿಗೆ ಹೂವು ಸಾಕು, ಬದನಿಕೆ ಹಕ್ಕಿಗೆ ಹಣ್ಣೂ ಬೇಕು.

ಹಣ್ಣಿನ ಕೆಲಸ ಇನ್ನೂ ಮಜಾ. ಒಳಗೆ ಒಂದೇ ಬೀಜ, ಬೀಜದ ಸುತ್ತ ಅಂಟು. ಹಕ್ಕಿ ನುಂಗಿದ ಕೆಲವೇ ನಿಮಿಷಕ್ಕೆ ಬೀಜ ಹಿಂದಿನಿಂದ ಹೊರಬರುತ್ತದೆ, ಅಂಟು ಮಾತ್ರ ಹಾಗೇ ಇರುತ್ತದೆ. ಸುಮ್ಮನೆ ಉದುರುವುದಿಲ್ಲ. ಹಕ್ಕಿ ಕೊಂಬೆಯ ಮೇಲೆ ಅಡ್ಡ ತಿರುಗಿ ಬುಡ ಒರೆಸಿಕೊಳ್ಳಲೇಬೇಕು. ಒರೆಸಿದ ಜಾಗದಲ್ಲಿ ಬೀಜ ನೆಟ್ಟಾಯಿತು! ಮಣ್ಣು ಬೇಡ, ಮಳೆ ಬೇಡ, ತನ್ನ ತೇವದಲ್ಲೇ ಮೊಳಕೆಯೊಡೆದು ತುದಿಯನ್ನು ತೊಗಟೆಗೆ ಒತ್ತುತ್ತದೆ. ನಮ್ಮ ಕಣ್ಣ ಮುಂದೆಯೇ ಒಂದು ಹಕ್ಕಿ ಹೀಗೆ ಮೂರು ಬೀಜವನ್ನು ಒಂದೇ ದಾರಕ್ಕೆ ಪೋಣಿಸಿ ಇಳಿಬಿಟ್ಟಿತು. ಸಲೀಂ ಅಲಿ 1930ರ ದಶಕದ ಆರಂಭದಲ್ಲೇ ಕೊಂಕಣ ತೀರದಲ್ಲಿ ಈ ಹಕ್ಕಿ, ಸೂರಕ್ಕಿ ಮತ್ತು ಬದನಿಕೆಯ ವ್ಯವಹಾರವನ್ನು ನೋಡಿ ಬರೆದಿದ್ದರು. ಹುಡುಗನಿಗೆ ಅದು ಗೊತ್ತಿರಲಿಲ್ಲ, ಗೊತ್ತಿರಬೇಕಾದ ಅಗತ್ಯವೂ ಕಾಣಲಿಲ್ಲ. "ಸಣ್ಣವ್ರಿದ್ದಾಗ ನಾವೂ ಈ ಹಣ್ಣ ತಿಂತಿದ್ದೋ, ಸಿಹಿ ಇರ್ತದ," ಎಂದ.

ಗೆಳೆಯ ಹಾಗಾದರೆ ನೋಡೇಬಿಡೋಣ ಎಂದು ಕೈಗೆಟುಕಿದ ಒಂದು ಹಣ್ಣು ಹಿಸುಕಿದ. ಬೀಜ ಬೆರಳಿಗಂಟಿತು. ಬೆರಳು ಒರೆಸಲು ಹೋದರೆ ಇನ್ನೊಂದು ಬೆರಳಿಗೆ, ಅಲ್ಲಿಂದ ಕ್ಯಾಮೆರಾದ ಗುಂಡಿಗೆ, ಗುಂಡಿಯಿಂದ ಮೀಸೆಗೆ. ನೀರು ಹಾಕಿದರೆ ಜಗ್ಗಲಿಲ್ಲ. ಕೊನೆಗೆ ಪೋಡಿನಲ್ಲಿ ಎಣ್ಣೆ ಕೊಟ್ಟರು. ಕ್ಯಾಮೆರಾ ಹಿಡಿದವರು ಈ ಹಣ್ಣಿನ ಗೊಡವೆಗೆ ಹೋಗದಿರುವುದು ಒಳ್ಳೆಯದು.

ಎಣ್ಣೆ ಕೊಟ್ಟ ಮನೆಯ ಜಗಲಿಯಲ್ಲಿ ತಾತ ಒಬ್ಬರು ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದರು. ಉಪ್ಪಿಲಿನ ಮಾತೆತ್ತಿದ್ದೇ ತಡ, ಅವರು ನೇರ ಬೆಂಕಿಗೆ ಬಂದರು.

"ಸಂಕ್ರಾಂತಿ ಮುಂದಾಗಿ ತರಗು ಒಣಗಿರ್ತದ, ನೆಲ ಇನ್ನೂ ತಂಪಾಗಿರ್ತದ. ಆಗ ಬೆಂಕಿ ಇಟ್ರ ಮೊಣಕಾಲುದ್ದ ಏಳಲ್ಲ ಸಾಮಿ. ನಡ್ಕೊಂಡು ಹೋದಂಗ ಹೋಯ್ತದ. ಮರಕ್ಕ ಏನೂ ಆಗಲ್ಲ. ಉಪ್ಪಿಲ್ಗ ಆ ಕಾವು, ಆ ಹೊಗ ಆಗಾದಿಲ್ಲ. ಮರ ತಡ್ಕತದ, ಅದು ತಡ್ಕಳಲ್ಲ."

"ಈಗ?"

"ಈಗ ಬೆಂಕಿ ಅಂದ್ರ ಕೇಸು."

ತರಗು ಬೆಂಕಿ ಎಂದು ಅವರು ಕರೆಯುವುದು ಇದನ್ನೇ. 1974ರಲ್ಲಿ ಇದು ವನ್ಯಜೀವಿ ಧಾಮವಾಯಿತು, ಕಾಡು ಸವರಿ ಸುಟ್ಟು ಬಿತ್ತುವ ಕುಮರಿ ಬೇಸಾಯ ನಿಂತಿತು, ತರಗಿಗೆ ಬೆಂಕಿ ಇಡುವುದೂ ಅಪರಾಧವಾಯಿತು. ಆಮೇಲೆ ಉಪ್ಪಿಲು ಏರಿತು ಎಂದು ತಾತ ಹೇಳುತ್ತಾರೆ. ಉಪ್ಪಿಲಿನ ಜೊತೆಗೆ ಲಂಟಾನ ಎಂಬ ಮುಳ್ಳುಪೊದೆಯ ಕಳೆಯೂ. ಆ ಮಾತಿಗೆ ಅಂಕಿಯೂ ಇದೆ. 1997ರಲ್ಲಿ ಇಲ್ಲಿ ಗುರುತು ಹಾಕಿದ್ದ ಜಾಗಗಳಲ್ಲಿ ಲಂಟಾನ ಇದ್ದದ್ದು ಸುಮಾರು 40 ಶೇಕಡಾ ಕಡೆ. 2008ರಲ್ಲಿ ಅವೇ ಜಾಗಗಳನ್ನು ಮತ್ತೆ ನೋಡಿದಾಗ 80 ದಾಟಿತ್ತು. ಈಗ ಬೇಸಗೆಯಲ್ಲಿ ಬೆಂಕಿ ಬಿದ್ದರೆ ಲಂಟಾನದ ಪೊದೆ ಹತ್ತಿ ಮರದ ತಲೆಗೇ ಹೋಗುತ್ತದೆ. ಅದಕ್ಕೂ ತರಗು ಬೆಂಕಿಗೂ ಹೋಲಿಕೆಯೇ ಇಲ್ಲ. ಬೆಂಕಿಯೆಂದರೆ ಎಲ್ಲ ಬೆಂಕಿಯೂ ಒಂದೇ ಎಂದು ಬರೆದ ಕಾಯ್ದೆಗೆ ಈ ಸೂಕ್ಷ್ಮ ತಿಳಿಯದು. ಹಾಗೆಂದು ನಾಳೆಯೇ ಕಡ್ಡಿ ಗೀರಿ ಎನ್ನಲೂ ಧೈರ್ಯ ಬರುವುದಿಲ್ಲ. ಲಂಟಾನ ತುಂಬಿದ ಕಾಡಿನಲ್ಲಿ ಹಳೆಯ ಸಣ್ಣ ಬೆಂಕಿಯೂ ಸಣ್ಣದಾಗಿ ಉಳಿಯಲಾರದು. ತಾತನೂ ಅದನ್ನೇ ಹೇಳಿದರು: "ಮೊದ್ಲು ಇದ ತಗೀಬೇಕು."

ಬೆಂಕಿ ಹೋದ ಮೇಲೆ ಉಳಿದದ್ದು ಕತ್ತಿ. ನೆಲ್ಲಿ ಕುಯ್ಯಲು ಮರ ಹತ್ತಿದವರು ಉಪ್ಪಿಲು ಹತ್ತಿದ ಕೊಂಬೆಯನ್ನೂ ಸವರಿ ಬರುತ್ತಿದ್ದರು. 2006ರಲ್ಲಿ ಕಾಡಿನ ಉತ್ಪನ್ನ ತರುವುದನ್ನೇ ನಿಲ್ಲಿಸಿದಾಗ ಮರ ಹತ್ತುವವರೂ ಇಲ್ಲವಾದರು. 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಣೆಯಾಯಿತು. ಅದೇ ವರ್ಷ ಅರಣ್ಯ ಹಕ್ಕು ಕಾಯ್ದೆಯಡಿ ಇಲ್ಲಿನ ಗ್ರಾಮಸಭೆಗಳಿಗೆ ಸಾಮುದಾಯಿಕ ಹಕ್ಕುಪತ್ರವೂ ಸಿಕ್ಕಿತು. ನೆಲ್ಲಿ, ಜೇನು, ಪಾಸೆ ಎಂಬ ಕಲ್ಲುಹೂವು ತರುವ ಹಕ್ಕು ಕಾಗದದ ಮೇಲೆ ಮರಳಿತು. ನಡುವಿನ ವರ್ಷಗಳಲ್ಲಿ ಹಕ್ಕಿ ರಜೆ ಹಾಕಿರಲಿಲ್ಲ.

ಮಧ್ಯಾಹ್ನ ಅಲ್ಲೇ ರಾಗಿ ರೊಟ್ಟಿ, ಬೆರಕೆ ಸೊಪ್ಪಿನ ಪಲ್ಯ, ಕೊನೆಗೆ ಅಂಗೈಯಲ್ಲಿ ಒಂದಿಷ್ಟು ಜೇನು. ಜೇನಿಗೆ ಸ್ವಲ್ಪ ಕಹಿಯಿತ್ತು. ಯಾವ ಹೂವಿನದು ಎಂದು ಕೇಳಿದೆವು. ತಾತ ಒಂದು ಹನಿ ನೆಕ್ಕಿ ಮರದ ಹೆಸರು ಹೇಳಿ, ಆ ಮರ ಯಾವ ಹಳ್ಳದ ದಡದಲ್ಲಿದೆ ಎಂಬುದನ್ನೂ ಸೇರಿಸಿದರು.

ಮೂರನೆಯ ದಿನ: ದೇವಸ್ಥಾನ, ಚಿಟ್ಟೆ, ಸಫಾರಿ

ಬಿಳಿಯ ಬಂಡೆಯ ಅಂಚಿನಲ್ಲಿ ರಂಗನಾಥನ ಗುಡಿ, ಐದು ಸಾವಿರ ಅಡಿ ಎತ್ತರ. ಮೆಟ್ಟಿಲ ಮೇಲಿನ ಕೋತಿಗಳು ಗೆಳೆಯನ ಕೈಯಲ್ಲಿದ್ದ ಪುರಿ ಪೊಟ್ಟಣವನ್ನು ಕೇಳದೆ ತೆಗೆದುಕೊಂಡವು. ಪ್ರಸಾದವನ್ನು ಚೀಲದೊಳಗೇ ಇಟ್ಟು ಇಳಿಯಬೇಕು, ಕೈಯಲ್ಲಿ ಹಿಡಿದರೆ ಅದು ಅವುಗಳದ್ದು. ಸೋಲಿಗರಿಗೆ ಈ ರಂಗಪ್ಪ ಬಾವ ಆಗಬೇಕು, ಅವರ ಹುಡುಗಿ ಕುಸುಮಾಲೆಯನ್ನು ಮದುವೆಯಾದವನು. ನಿನ್ನೆಯ ಹುಡುಗ ಅರ್ಚಕರ ಸಾಲಿನಾಚೆ ನಿಂತು ದೇವರಿಗೆ ಕೈಮುಗಿದದ್ದರಲ್ಲೂ ಅಷ್ಟು ಸಲುಗೆ ಇತ್ತು.

ಗುಡಿಯಿಂದ ಇಳಿದ ದಾರಿಯಲ್ಲಿ ತಗ್ಗಿನ ಕೊಂಬೆಯೊಂದರ ಬದನಿಕೆ ಬೋಳಾಗಿತ್ತು. ಹತ್ತಿರ ಹೋದರೆ ಎಲೆಯ ಅಂಚಿಗೆ ಸಾಲುಗಟ್ಟಿದ ಹಳದಿ ಕಂಬಳಿಹುಳುಗಳು, ಮೈಮೇಲೆ ಬಿಳಿ ಚುಕ್ಕೆ, ಬಿಳಿ ಕೂದಲು. ಜೆಜೆಬೆಲ್ ಚಿಟ್ಟೆಯ ಮರಿಗಳು. ತಾಯಿ ಒಂದೇ ಎಲೆಗೆ ಸಾಲಾಗಿ ಹತ್ತಾರು ಮೊಟ್ಟೆ ಇಡುತ್ತದೆ, ಹುಳುಗಳು ಒಟ್ಟಾಗಿ ಮೇಯುತ್ತವೆ, ಬೆದರಿಸಿದರೆ ನೂಲು ಬಿಟ್ಟು ಜೋತಾಡುತ್ತವೆ. ಗೆಳೆಯ ಕೊಂಬೆ ಅಲುಗಿಸಿದ, ಹತ್ತಾರು ಒಟ್ಟಿಗೇ ಜೋತವು. ಬದನಿಕೆಯೇ ಇವುಗಳ ಊಟ. ದೊಡ್ಡ ಚಿಟ್ಟೆಯ ರೆಕ್ಕೆಯ ಅಡಿಯ ಹಳದಿ, ಅಂಚಿನ ಕೆಂಪು ಚುಕ್ಕೆಗಳು 'ನನ್ನನ್ನು ತಿಂದರೆ ಬಾಯಿ ಕೆಡುತ್ತದೆ' ಎಂದು ಹಕ್ಕಿಗಳಿಗೆ ಕೊಡುವ ಎಚ್ಚರಿಕೆ. ಹಕ್ಕಿಗಳು ಅದನ್ನು ನಂಬುವುದರಿಂದ, ತಿನ್ನಲು ಏನೂ ತೊಂದರೆಯಿಲ್ಲದ ಇನ್ನೊಂದು ಚಿಟ್ಟೆ ಇದೇ ಬಣ್ಣ ತೊಟ್ಟು ಬದುಕಿಕೊಂಡಿದೆ. ನೆಲ್ಲಿಯ ನೀರು ಕುಡಿದ ಬದನಿಕೆ, ಬದನಿಕೆ ತಿಂದ ಹುಳು, ಹುಳುವಿನ ಚಿಟ್ಟೆಯ ಹೆಸರು ಕದ್ದ ಚಿಟ್ಟೆ! ಇದಕ್ಕಿಂತ ಮುಂದಿನದೂ ಇದೆ. ಘಟ್ಟದಲ್ಲಿ ಬದನಿಕೆಯ ಮೇಲೆಯೇ ಬೇರೂರುವ ಇನ್ನೊಂದು ಬದನಿಕೆಯುಂಟು, ಕುಡಿಯುವವನನ್ನೇ ಕುಡಿಯುವಂಥದ್ದು. ಅದಕ್ಕಾಗಿ ಸಿಕ್ಕ ಸಿಕ್ಕ ಮರ ನೋಡಿದೆವು, ಕಾಣಲಿಲ್ಲ.

ಮಧ್ಯಾಹ್ನದ ಮೇಲೆ ಕ್ಯಾತದೇವರಗುಡಿಯಿಂದ ಸಫಾರಿ. ಹುಲಿ ಬರುತ್ತದೆ ಎಂದು ಕೂತವರಿಗೆ ಈ ಕಾಡು ಬೇಸರ ತರಿಸಬಹುದು, ಲಂಟಾನದ ಆಚೆ ಆನೆಯೇ ನಿಂತರೂ ಕಾಣದು. ನಮಗೆ ಸಿಕ್ಕಿದ್ದು ಒಂದು ನೆಲ್ಲಿ ಮರದ ಕೆಳಗೆ ಜಿಂಕೆಗಳ ಹಿಂಡು, ಬಿದ್ದ ಕಾಯಿ ಆರಿಸುತ್ತಿತ್ತು. ಜಿಂಕೆ ನೆಲ್ಲಿಯನ್ನು ಇಡಿಯಾಗಿ ನುಂಗಿ, ಎಲ್ಲೋ ನೆರಳಲ್ಲಿ ಕೂತು ಮೆಲುಕು ಹಾಕುವಾಗ ಬೀಜ ಉಗುಳುತ್ತದೆ. ನೆಲ್ಲಿಯ ಮರಿಗಳು ಹುಟ್ಟುವುದು ಹಾಗೆ. ಅಂದರೆ ಒಂದೇ ಮರದಲ್ಲಿ ಮೇಲೆ ಬಿತ್ತನೆ ಹಕ್ಕಿಯದು, ಕೆಳಗೆ ಬಿತ್ತನೆ ಜಿಂಕೆಯದು. ಮೇಲಿನ ಬೆಳೆ ಹೆಚ್ಚಾದರೆ ಕೆಳಗಿನವರಿಗೆ ಕಾಯಿ ಕಡಿಮೆ. ಸೋಲಿಗರೂ ಕೆಳಗಿನ ಪಂಗಡದವರೇ.

ಸಂಜೆ ಬೆಂಕಿಯ ಮುಂದೆ ಗೆಳೆಯನ ತೀರ್ಪು ಹೊರಬಿತ್ತು: "ಹಂಗಾದ್ರ ಎಲ್ಲಾ ಬದನಿಕಿ ಕಡದ್ ಒಗೀಬೇಕು." ನಾನು ಒಪ್ಪಲಿಲ್ಲ, ವಾದ ಬೆಳೆಯಿತು. ಆಸ್ಟ್ರೇಲಿಯಾದ ಆಗ್ನೇಯ ಭಾಗದಲ್ಲಿ ಹಾಗೆ ಮಾಡಿಯೇ ನೋಡಿದ್ದಾರೆ. ಕೆಲವು ಕಾಡಿನ ತುಂಡುಗಳಿಂದ ಬದನಿಕೆಯನ್ನೆಲ್ಲ ಕಡಿದು ತೆಗೆದು, ಮೂರು ವರ್ಷ ಬಿಟ್ಟು ಹಕ್ಕಿ ಎಣಿಸಿದರು. 2012ರಲ್ಲಿ ಪ್ರಕಟವಾದ ಆ ಲೆಕ್ಕದಲ್ಲಿ ಐದರಲ್ಲಿ ಒಂದು ಪಾಲು ಹಕ್ಕಿ ಜಾತಿಗಳು ಕಾಣೆ. ಹಣ್ಣು ತಿನ್ನುವವು ಹೋದರೆ ಸರಿ ಎನ್ನಬಹುದು, ಹೆಚ್ಚು ಹೋದದ್ದು ನೆಲದ ಹುಳು ತಿನ್ನುವ ಹಕ್ಕಿಗಳು. ಕಾರಣ ತರಗು. ಬೇರೆ ಮರಗಳು ಎಲೆ ಉದುರಿಸುವ ಮುನ್ನ ಅದರ ಸತ್ವವನ್ನು ಹಿಂದಕ್ಕೆ ಎಳೆದುಕೊಳ್ಳುತ್ತವೆ. ಬದನಿಕೆಗೆ ಆ ಜಿಪುಣತನವಿಲ್ಲ, ಬಿಟ್ಟಿ ಬಂದದ್ದು ತಾನೆ, ಸತ್ವದ ಸಮೇತ ಉದುರಿಸುತ್ತದೆ. ಅದರ ಕೆಳಗಿನ ಮಣ್ಣು ಕೊಬ್ಬುತ್ತದೆ, ಹುಳು ಹೆಚ್ಚುತ್ತದೆ, ಹಕ್ಕಿ ಬರುತ್ತದೆ. ಮರದ ತುದಿಯಿಂದ ಕದ್ದದ್ದು ಬುಡಕ್ಕೆ ಬಂದು ಬೀಳುತ್ತದೆ. ಅಲ್ಲಿಯ ಲೆಕ್ಕ ಇಲ್ಲಿಗೆ ಹಾಗೇ ಒಗ್ಗುತ್ತದೆಂದಲ್ಲ. ಆದರೆ ತಾತನ ಕಾಲದಲ್ಲೂ ಉಪ್ಪಿಲು ಇತ್ತು, ನೆಲ್ಲಿಯೂ ಇತ್ತು. ಹದ ತಪ್ಪಿದ್ದು ಬೆಂಕಿ ಇಡುವವನನ್ನೂ ಕೊಂಬೆ ಸವರುವವನನ್ನೂ ಆಚೆ ಕಳಿಸಿದ ಮೇಲೆ. ಕಾಡಿನ ಸಂಬಂಧಗಳನ್ನು ಎಣಿಸುವಾಗ ಹಕ್ಕಿ, ಚಿಟ್ಟೆ, ಜಿಂಕೆ ಎಲ್ಲವನ್ನೂ ಬರೆದುಕೊಂಡು ಮನುಷ್ಯನನ್ನು ಮಾತ್ರ ಬಿಟ್ಟರೆ ಆ ಪಟ್ಟಿ ಅರ್ಧ ಎಂದು ನಾನಂದೆ. ಗೆಳೆಯ ಕಂಬಳಿ ಎಳೆದುಕೊಂಡು, "ಭಾಷಣ ಛಲೋ ಐತಿ, ಮಲಕೋ," ಎಂದ.

ಕೊನೆಯ ದಿನ: ಗುಂಬಳ್ಳಿ

ಇಳಿಯುವಾಗ ಯಳಂದೂರಿನ ಕಡೆಯ ದಾರಿ. ತಿರುವು ಜಾಸ್ತಿ, ವಾಂತಿ ಬರುವವರು ಮುಂದಿನ ಸೀಟು ಹಿಡಿಯುವುದು ಕ್ಷೇಮ. ಬೆಟ್ಟದ ಬುಡದ ಗುಂಬಳ್ಳಿಯಲ್ಲಿ ಟೀ ಕುಡಿಯೋಣವೆಂದು ಇಳಿದು ಮುಂದಿನ ಬಸ್ಸಿಗೆ ಕಾದೆವು. ಮಸಾಲೆ ಹಚ್ಚಿದ ನೆಲ್ಲಿಕಾಯಿ ತಿಂದು ನೀರು ಕುಡಿದೆವು, ಬಾಯೆಲ್ಲ ಸಿಹಿ.

ಅಷ್ಟು ಹೊತ್ತಿಗೆ ರಸ್ತೆಯಲ್ಲಿ ಒಬ್ಬರು ಹೆಂಗಸು ತಲೆ ಮೇಲೆ ಸೊಪ್ಪಿನ ಹೊರೆ ಹೊತ್ತು ಬಂದರು, ಹಿಂದೆ ಆಡುಗಳ ಸಾಲು. ಸೊಪ್ಪು ದಪ್ಪ ಎಲೆಯದು, ನಡುವೆ ಕಿತ್ತಳೆ ಹೂವು. ಗೆಳೆಯ ಟೀ ಲೋಟ ಬೆಂಚಿನ ಮೇಲಿಟ್ಟು ಎದ್ದೇಬಿಟ್ಟ.

"ಅಕ್ಕಾ, ಇದು ಬದನಿಕಿ ಅಲ್ರೀ?"

"ಊಂ ಕಣಪ್ಪ. ನಮ್ಮ ಮಾವಿನ ಮರದ್ದು. ಮರಕ್ಕೂ ಹಗುರ, ಇವಕ್ಕೂ ಊಟ."

"ತಿಂತಾವೇನ್ರೀ?"

"ಮೊದ್ಲು ಇದನ್ನೇ ತಿನ್ನೋದು. ಬ್ಯಾಸ್ಗೇಲಿ ಎಲ್ಲ ಒಣಗ್ದಾಗ್ಲೂ ಇದು ಹಸಿರಾಗಿರ್ತದಲ್ಲ, ಅದ್ಕೆ ಪೂರ್ತಿ ಕೀಳಲ್ಲ, ಬೇಕಾದಾಗ ಬೇಕಾದಷ್ಟು." ಹೊರೆ ಇಳಿಸಿ ಅವರು ಒಂದು ಕೊಂಬೆ ಎಸೆದರು. ಆಡುಗಳು ಮುಗಿಬಿದ್ದವು, ಹೂವನ್ನೂ ಬಿಡಲಿಲ್ಲ. ಗೆಳೆಯ ಫೋನು ತೆಗೆದು ಚಿತ್ರ ತೆಗೆಯುವಷ್ಟರಲ್ಲಿ ಒಂದು ಹೋತ ಬೆಂಚಿನ ಮೇಲೆ ಮುಂಗಾಲಿಟ್ಟು ಅವನ ಟೀ ಲೋಟಕ್ಕೆ ಮೂತಿ ಹಾಕಿತು. ಅಂಗಡಿಯವನು ಇನ್ನೊಂದು ಟೀ ಕೊಟ್ಟ, ಎರಡಕ್ಕೂ ದುಡ್ಡು ತೆಗೆದುಕೊಂಡ.